ವಿಶ್ವಕ್ಕೆ ಆದಿ ಉಂಟೆ? ಒಂದು ಹಳೆಯ ವಾದ, ಒಂದು ಹೊಸ ಸಾಕ್ಷ್ಯ



ಶಾಲಾ ಕಾಲೇಜುಗಳ ಚರ್ಚಾಸ್ಪರ್ಧೆಗೆ ಎಷ್ಟು ಸಲ ಕೊಟ್ಟರೂ ಹಳತಾಗದ ಒಂದು ವಿಷಯವಿದೆ: 'ಈ ವಿಶ್ವಕ್ಕೆ ಆದಿ ಉಂಟು'. ಪರವಾಗಿ ಇಬ್ಬರು, ವಿರೋಧವಾಗಿ ಇಬ್ಬರು. ಐದು ನಿಮಿಷಕ್ಕೆ ಗಂಟೆ. ಯಾರ ಮಾತು ಜೋರಾಗಿತ್ತೋ, ಯಾರು ಕೊನೆಯಲ್ಲಿ ಒಂದು ಸುಭಾಷಿತ ಹೇಳಿ ಚಪ್ಪಾಳೆ ಗಿಟ್ಟಿಸಿದರೋ ಅವರಿಗೆ ಬಹುಮಾನ. ಮರುದಿನ ಯಾರಿಗೂ ಆ ಪ್ರಶ್ನೆಯ ನೆನಪಿರುವುದಿಲ್ಲ. ಆದರೆ ಇದೇ ವಾದ ನಮ್ಮ ಕರ್ನಾಟಕದಲ್ಲಿ ಸಾವಿರದ ನೂರು ವರ್ಷಗಳ ಹಿಂದೆ ಬಹಳ ಗಂಭೀರವಾಗಿ ನಡೆದಿತ್ತು. ಅದರ ಒಂದು ತುಣುಕಿಗೆ 2020ರಲ್ಲಿ, ನಮ್ಮದೇ ನೀರಿನ ಮೇಲೆ ತೇಲುತ್ತಿದ್ದ ಒಂದು ಆಂಟೆನಾ ಸಾಕ್ಷಿ ನುಡಿಯಿತು. ಇಂದು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಆ ಎರಡರ ಬಗ್ಗೆ, ಅವುಗಳ ನಡುವಿನ ದಾರಿಯ ಬಗ್ಗೆ.

ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯಲ್ಲಿ ಚಚಡಿ ಎಂಬ ಊರಿದೆ. ನೀವು ಚಚಡಿಯವರೇ ಆಗಿರಬಹುದು, ಅಥವಾ ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯ ಅಂಥದೇ ಊರಿನವರಾಗಿರಬಹುದು. ಬೆಂಗಳೂರಿನ ವಿದ್ಯಾರ್ಥಿಗೆ ಇಲ್ಲದ ಒಂದು ಅನುಕೂಲ ನಿಮಗಿದೆ. ಅಮಾವಾಸ್ಯೆಯ ಆಸುಪಾಸಿನ ರಾತ್ರಿ ಊರ ದೀಪಗಳಿಂದ ಸ್ವಲ್ಪ ದೂರ ಎರೆಹೊಲದ ಕಡೆ ನಡೆದರೆ ಸಾಕು, ಆಕಾಶ ತುಂಬ ನಕ್ಷತ್ರ. ಮತ್ತೊಂದು ಅನುಕೂಲವೂ ಉಂಟು. ನಿಮ್ಮ ಮನೆಯ ಹಿರಿಯರು ಮಳೆಯನ್ನು ನಕ್ಷತ್ರದ ಹೆಸರಿನಿಂದಲೇ ಕರೆಯುತ್ತಾರೆ. ರೋಹಿಣಿ ಮಳೆ, ಆರಿದ್ರಾ ಮಳೆ, ಹಸ್ತ, ಚಿತ್ತಿ, ಸ್ವಾತಿ. ಸೂರ್ಯ ಆಕಾಶದಲ್ಲಿ ಯಾವ ನಕ್ಷತ್ರದ ನೆರೆಯಲ್ಲಿರುತ್ತಾನೋ ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಆದ್ದರಿಂದಲೇ ಚಿತ್ತಿ ಮಳೆಯ ಕಾಲದಲ್ಲಿ ಚಿತ್ತಾ ನಕ್ಷತ್ರ ಕಾಣದು, ಅದು ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ. ನೋಡಬೇಕಾದರೆ ಬೇಸಿಗೆಯ ರಾತ್ರಿ ಮಾಳಿಗೆ ಹತ್ತಬೇಕು. ಏಪ್ರಿಲ್ ತಿಂಗಳಲ್ಲಿ ಅದು ಹೆಚ್ಚುಕಡಿಮೆ ರಾತ್ರಿಯಿಡೀ ಇರುತ್ತದೆ.

ಆ ಚಿತ್ತಾ ನಕ್ಷತ್ರದಿಂದ ಬೆಳಕು ನಮ್ಮನ್ನು ತಲುಪಲು ಸುಮಾರು 250 ವರ್ಷ ಹಿಡಿಯುತ್ತದೆ. ಈ ವರ್ಷ ನಿಮ್ಮ ಕಣ್ಣಿಗೆ ಬೀಳುವ ಕಿರಣ ಅಲ್ಲಿಂದ ಹೊರಟಾಗ ಕಿತ್ತೂರಿನ ಚೆನ್ನಮ್ಮ ಹುಟ್ಟುವ ಹೊತ್ತು. ಅಂದರೆ ನೀವು ನೋಡುತ್ತಿರುವುದು ಇಂದಿನ ಚಿತ್ತೆಯನ್ನಲ್ಲ. ರೋಹಿಣಿ ಹತ್ತಿರದ್ದು, ಅದರ ಬೆಳಕಿಗೆ ಸುಮಾರು 65 ವರ್ಷ. ಕೃತ್ತಿಕೆಯ ಗುಂಪಿಗೆ 440 ವರ್ಷದಷ್ಟು. ಒಂದೇ ನೋಟದಲ್ಲಿ ಬೇರೆ ಬೇರೆ ಕಾಲಗಳನ್ನು ನೀವು ಕಾಣುತ್ತೀರಿ. ಹಾಗಾದರೆ ಕಣ್ಣೆದುರಿಗಿರುವ ಈ ಆಕಾಶ ಸತ್ಯವೋ ಸುಳ್ಳೋ?

ಇಂಥ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ಶೃಂಗೇರಿಯ ಪೀಠ ಪರಂಪರೆಯಾಗಿ ಕಾಪಾಡಿಕೊಂಡು ಬಂದಿರುವ ಶಂಕರರ ಅದ್ವೈತ, ಈ ಜಗತ್ತು ವ್ಯವಹಾರದ ಮಟ್ಟಿಗೆ ಇದೆ, ಪರಮಾರ್ಥದಲ್ಲಿ ಬ್ರಹ್ಮವೊಂದೇ ಸತ್ಯ ಎನ್ನುತ್ತದೆ. ಹಗ್ಗವನ್ನು ಹಾವೆಂದು ಕಾಣುವ ಉದಾಹರಣೆ ನಿಮಗೆ ಗೊತ್ತು. 13ನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ಅದನ್ನು ಒಪ್ಪಲಿಲ್ಲ. ಜಗತ್ತು ಸತ್ಯ, ವಸ್ತು ವಸ್ತುವಿಗಿರುವ ಭೇದವೂ ಸತ್ಯ ಎಂದರು. ಇಬ್ಬರ ಊರುಗಳ ನಡುವೆ ಒಂದು ಘಟ್ಟವಷ್ಟೇ ಅಡ್ಡ! ವಿಜ್ಞಾನಿ ದಿನನಿತ್ಯದ ಕೆಲಸದಲ್ಲಿ ಮಧ್ವರ ಕಡೆಯವನೇ. ಹೊರಗೊಂದು ಜಗತ್ತಿದೆ, ಅಳೆದರೆ ಅಳತೆಗೆ ಸಿಗುತ್ತದೆ ಎಂದು ನಂಬದೆ ಅವನು ಉಪಕರಣವನ್ನೇ ಕಟ್ಟಲಾರ. ಆದರೆ ಕಂಡದ್ದೆಲ್ಲ ಇದ್ದ ಹಾಗೆಯೇ ಇದೆ ಎಂದು ನಂಬಿದರೂ ಅವನ ಕೆಲಸ ಕೆಡುತ್ತದೆ. ಹಗ್ಗವೋ ಹಾವೋ ಎಂದು ದೀಪ ಹಿಡಿದು ನೋಡುವುದರಲ್ಲೇ ಅವನ ಆಯುಷ್ಯ ಕಳೆಯುತ್ತದೆ. ಈ ಮಾತು ಮುಂದೆ ಶರಾವತಿಯ ಕಥೆಯಲ್ಲಿ ಬೇಕಾಗುತ್ತದೆ, ಮನಸ್ಸಿನಲ್ಲಿಡಿ.

ಈಗ ಆದಿಯ ವಾದಕ್ಕೆ ಬರೋಣ. ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ಅಲ್ಲಿಂದ ಆಳಿದ ರಟ್ಟರು ಜೈನಧರ್ಮದ ಪೋಷಕರಾಗಿದ್ದರೆಂದು ಶಾಸನಗಳು ಹೇಳುತ್ತವೆ. 9ನೆಯ ಶತಮಾನದಲ್ಲಿ ಈ ಸೀಮೆಯೆಲ್ಲ ರಾಷ್ಟ್ರಕೂಟರ ಆಳ್ವಿಕೆಯಲ್ಲಿತ್ತು. ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ದೊರೆ ಅಮೋಘವರ್ಷ ನೃಪತುಂಗ. ಅವನು ಗುರುವೆಂದು ಗೌರವಿಸಿದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಮಹಾಪುರಾಣವನ್ನು ಬರೆಯತೊಡಗಿದರು. ಅವರು ನಿಲ್ಲಿಸಿದಲ್ಲಿಂದ ಶಿಷ್ಯ ಗುಣಭದ್ರರು ಮುಗಿಸಿದರು. ಅದರ ಮೊದಲ ಭಾಗವೇ ಆದಿಪುರಾಣ. 10ನೆಯ ಶತಮಾನದಲ್ಲಿ ನಮ್ಮ ಪಂಪ ಕನ್ನಡದಲ್ಲಿ ಆದಿಪುರಾಣ ಬರೆದಾಗ ಅವನ ಮುಂದಿದ್ದದ್ದು ಇದೇ ಗ್ರಂಥ.

ಜಿನಸೇನರ ಎದುರಿಗಿದ್ದ ವಾದ ಸರಳವಾದದ್ದು. ಮಡಕೆ ಇದ್ದರೆ ಕುಂಬಾರ ಇರಲೇಬೇಕು, ಜಗತ್ತು ಇದೆ, ಆದ್ದರಿಂದ ಜಗತ್ತನ್ನು ಮಾಡಿದವನೊಬ್ಬ ಇರಲೇಬೇಕು. ಕೇಳಲು ಎಷ್ಟು ಚೆನ್ನಾಗಿದೆ ನೋಡಿ. ಜಿನಸೇನರು ಒಂದೊಂದಾಗಿ ಪ್ರಶ್ನೆ ಹಾಕುತ್ತಾರೆ. ಜಗತ್ತೇ ಇಲ್ಲದಾಗ ಮಾಡುವವನು ನಿಂತದ್ದೆಲ್ಲಿ? ಕುಂಬಾರನಿಗೆ ಮಣ್ಣು ಬೇಕು, ಇವನಿಗೆ ಸಾಮಗ್ರಿ ಎಲ್ಲಿಂದ ಬಂತು? ಸಾಮಗ್ರಿಯನ್ನೂ ಅವನೇ ಮಾಡಿದನೆಂದರೆ ಅದಕ್ಕೆ ಬೇಕಾದ ಸಾಮಗ್ರಿ ಯಾವುದು? ಹೀಗೆ ಹಿಂದೆ ಹಿಂದೆ ಹೋಗುತ್ತಲೇ ಇರಬೇಕಾಗುತ್ತದೆ. ಸಾಮಗ್ರಿ ತಾನಾಗಿಯೇ ಇತ್ತೆಂದರೆ, ಜಗತ್ತೇ ತಾನಾಗಿ ಇದೆಯೆಂದು ಹೇಳಲು ಏನು ಅಡ್ಡಿ? ಅವನು ಪರಿಪೂರ್ಣನಾದರೆ ಮಾಡಬೇಕೆಂಬ ಆಸೆ ಏಕೆ ಹುಟ್ಟಿತು? ಹೀಗೆ ಕೇಳಿ ಕೊನೆಗೆ ಅವರು ನಿಲ್ಲುವುದು ಜೈನ ಸಿದ್ಧಾಂತದ ನೆಲೆಯಲ್ಲಿ: ಕಾಲದಂತೆ ಲೋಕವೂ ಅನಾದಿ, ಯಾರೂ ಮಾಡಿದ್ದಲ್ಲ, ತನ್ನ ಸ್ವಭಾವದಿಂದಲೇ ನಿಂತಿದೆ. ಅಮೆರಿಕದ ಖಗೋಳವಿಜ್ಞಾನಿ ಕಾರ್ಲ್ ಸೇಗನ್ 1980ರಲ್ಲಿ ಪ್ರಕಟಿಸಿದ 'ಕಾಸ್ಮೋಸ್' ಪುಸ್ತಕದಲ್ಲಿ ಜಿನಸೇನರ ಈ ಭಾಗವನ್ನು ಉದ್ಧರಿಸಿದ್ದಾನೆ. ಮಳಖೇಡದ ವಾದ ಅಷ್ಟು ದೂರ ಹೋಗಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. 'ಆಧುನಿಕ ವಿಜ್ಞಾನ ಈಗ ಹೇಳುವುದನ್ನು ನಮ್ಮವರು ಆಗಲೇ ಹೇಳಿದ್ದರು' ಎಂದು ವೇದಿಕೆಯ ಮೇಲೆ ಹೇಳಿದರೆ ಚಪ್ಪಾಳೆ ಬೀಳುತ್ತದೆ, ನನಗೆ ಗೊತ್ತು. ಆದರೆ ಅದರಿಂದ ಜಿನಸೇನರಿಗೆ ಗೌರವ ಸಲ್ಲುವುದಿಲ್ಲ. ಅವರು ಆಕಾಶವನ್ನು ಅಳೆದು ಹೇಳಲಿಲ್ಲ. ಎದುರಾಳಿಯ ತರ್ಕದಲ್ಲಿರುವ ಬಿರುಕನ್ನು ತೋರಿಸಿದರು. ಅದು ಬೇರೆ ಕೆಲಸ, ದೊಡ್ಡ ಕೆಲಸ. ಅನಾದಿ ಎಂಬ ಅವರ ತೀರ್ಮಾನವನ್ನು ಪರೀಕ್ಷಿಸಿ ನೋಡುವ ಉಪಾಯ ಆ ಕಾಲದಲ್ಲಿ ಯಾರಿಗೂ ಇರಲಿಲ್ಲ.

ಉಪಾಯ ಬಂದದ್ದು 20ನೆಯ ಶತಮಾನದಲ್ಲಿ. ಗೆಲಾಕ್ಸಿಗಳು ದೂರವಿದ್ದಷ್ಟೂ ಹೆಚ್ಚು ವೇಗದಿಂದ ನಮ್ಮಿಂದ ಸರಿಯುತ್ತಿವೆ ಎಂದು 1929ರಲ್ಲಿ ಎಡ್ವಿನ್ ಹಬಲ್ ತೋರಿಸಿದ. ಬೆಲ್ಜಿಯಂ ದೇಶದ ಪಾದ್ರಿಯೂ ಭೌತವಿಜ್ಞಾನಿಯೂ ಆಗಿದ್ದ ಲಮೆತ್ರ್ ಅದಕ್ಕೂ ಮುನ್ನ, 1927ರಲ್ಲೇ, ವಿಶ್ವ ಹಿಗ್ಗುತ್ತಿದೆ ಎಂದು ಲೆಕ್ಕ ಹಾಕಿದ್ದ. ಹಿಗ್ಗುತ್ತಿದ್ದರೆ ಹಿಂದೊಮ್ಮೆ ಎಲ್ಲವೂ ಒತ್ತೊತ್ತಾಗಿ, ಬಹಳ ಬಿಸಿಯಾಗಿ ಇದ್ದಿರಬೇಕು. ಕೇಂಬ್ರಿಜ್‌ನ ಫ್ರೆಡ್ ಹಾಯ್ಲ್‌ಗೆ ಇದು ಸರಿಬರಲಿಲ್ಲ. 1948ರಲ್ಲಿ ಅವನೂ, ಬಾಂಡಿ ಮತ್ತು ಗೋಲ್ಡ್ ಎಂಬಿಬ್ಬರೂ ಸ್ಥಿರಸ್ಥಿತಿ ಸಿದ್ಧಾಂತವನ್ನು ಮುಂದಿಟ್ಟರು. ವಿಶ್ವ ಹಿಗ್ಗುತ್ತಿದೆ ನಿಜ, ಆದರೆ ತೆರವಾದ ಜಾಗದಲ್ಲಿ ಅತಿ ನಿಧಾನವಾಗಿ ಹೊಸ ದ್ರವ್ಯ ಹುಟ್ಟುತ್ತಿರುತ್ತದೆ. ಆದ್ದರಿಂದ ವಿಶ್ವ ಎಂದೂ ಹೀಗೆಯೇ ಇತ್ತು, ಹೀಗೆಯೇ ಇರುತ್ತದೆ. 1949ರಲ್ಲಿ ಬಿ.ಬಿ.ಸಿ. ರೇಡಿಯೋ ಭಾಷಣವೊಂದರಲ್ಲಿ ಹಾಯ್ಲ್ ತನ್ನ ಎದುರು ಪಕ್ಷದ ಸಿದ್ಧಾಂತವನ್ನು 'ಬಿಗ್ ಬ್ಯಾಂಗ್' ಎಂದು ಕರೆದ. ಕನ್ನಡದಲ್ಲಿ ನಾವು ಅದನ್ನು ಮಹಾಸ್ಫೋಟ ಎನ್ನುತ್ತೇವೆ. ವಿರೋಧಿಸಿದವನೇ ಇಟ್ಟ ಹೆಸರು ಶಾಶ್ವತವಾಗಿ ಉಳಿಯಿತು.

ಹಾಯ್ಲ್‌ನ ಜೊತೆಗೆ ಸೇರಿದವರಲ್ಲಿ ನಮ್ಮ ನೆರೆಯವರೊಬ್ಬರಿದ್ದರು. ಬೆಳಗಾವಿಯಿಂದ ನೂರು ಕಿಲೋಮೀಟರಿನಷ್ಟು ಆಚೆಯ ಕೊಲ್ಲಾಪುರದಲ್ಲಿ 1938ರಲ್ಲಿ ಹುಟ್ಟಿದ ಜಯಂತ ನಾರಳೀಕರ್. 1964ರಲ್ಲಿ ಹಾಯ್ಲ್ ಮತ್ತು ನಾರಳೀಕರ್ ಗುರುತ್ವದ ಹೊಸ ಸಿದ್ಧಾಂತವೊಂದನ್ನು ಪ್ರಕಟಿಸಿದಾಗ ನಾರಳೀಕರರ ವಯಸ್ಸು ಇಪ್ಪತ್ತಾರು. ಆದರೆ ಆ ಹೊತ್ತಿಗೇ ಸಾಕ್ಷ್ಯ ಎದುರು ಪಕ್ಷದ ಕಡೆ ವಾಲತೊಡಗಿತ್ತು. ಅಮೆರಿಕದ ನ್ಯೂಜೆರ್ಸಿಯಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬಿಬ್ಬರು ತಮ್ಮ ಆಂಟೆನಾದಲ್ಲಿ ಎತ್ತ ತಿರುಗಿಸಿದರೂ ತಗ್ಗದ ಒಂದು ಗೊಜಗೊಜ ಸದ್ದನ್ನು ಕೇಳಿದರು. ಆಂಟೆನಾದೊಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ, ಹಿಕ್ಕೆ ತೊಳೆದು ನೋಡಿದರೂ ಸದ್ದು ಹೋಗಲಿಲ್ಲ. 1965ರಲ್ಲಿ ಅದರ ಅರ್ಥ ತಿಳಿಯಿತು: ಅದು ಬಿಸಿ ವಿಶ್ವದ ಉಳಿಕೆಯ ಶಾಖ, ಈಗ ಆರಿ ನಿರಪೇಕ್ಷ ಶೂನ್ಯಕ್ಕಿಂತ 2.7 ಡಿಗ್ರಿಯಷ್ಟೇ ಮೇಲಿದೆ. ಹಳೆಯ ಟಿ.ವಿ. ಪೆಟ್ಟಿಗೆಯಲ್ಲಿ ಯಾವ ವಾಹಿನಿಯೂ ಸಿಗದಾಗ ಪರದೆಯ ತುಂಬ ಬಿಳಿ ಚುಕ್ಕಿ ಕುಣಿಯುತ್ತಿದ್ದದ್ದನ್ನು ಮನೆಯ ಹಿರಿಯರನ್ನು ಕೇಳಿ. ಆ ಚುಕ್ಕಿಗಳಲ್ಲಿ ಒಂದು ಸಣ್ಣ ಪಾಲು, ನೂರಕ್ಕೆ ಒಂದರಷ್ಟು, ಇದೇ ಶಾಖದ್ದು.

ನಾರಳೀಕರ್ ಸುಮ್ಮನಾಗಲಿಲ್ಲ. ಪುಣೆಯಲ್ಲಿ 1988ರಲ್ಲಿ ಆರಂಭವಾದ ಐಯುಕಾ ಎಂಬ ಖಗೋಳ ಸಂಶೋಧನಾ ಕೇಂದ್ರದ ಸ್ಥಾಪಕ ನಿರ್ದೇಶಕರಾಗಿದ್ದಾಗಲೇ, 1993ರಲ್ಲಿ, ಹಾಯ್ಲ್ ಮತ್ತು ಬರ್ಬಿಜ್ ಅವರೊಡನೆ ಸಿದ್ಧಾಂತವನ್ನು ತಿದ್ದಿ ಮತ್ತೆ ಮುಂದಿಟ್ಟರು. ಬಹುಪಾಲು ವಿಜ್ಞಾನಿಗಳು ಒಪ್ಪಲಿಲ್ಲ. 2025ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಅವರ ಪಕ್ಷ ಸೋತಿತೆಂದೇ ನನ್ನ ಅಭಿಪ್ರಾಯ. ಆದರೆ ಎದುರಿಗೆ ಇಂಥ ಒಬ್ಬ ವಾದಿ ಇದ್ದುದರಿಂದ ಮಹಾಸ್ಫೋಟದವರು ತಮ್ಮ ಲೆಕ್ಕವನ್ನು ಮತ್ತೆ ಮತ್ತೆ ತಿದ್ದಿಕೊಳ್ಳಬೇಕಾಯಿತು. ಇಂದು ನಾವು ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ ಎನ್ನುತ್ತೇವೆ. ಇಷ್ಟಾಗಿಯೂ ಒಂದು ಮಾತು ಗಮನಿಸಿ. ಮಹಾಸ್ಫೋಟ ಸಿದ್ಧಾಂತ ಹೇಳುವುದು ಬಿಸಿಯಾದ, ಒತ್ತಾದ ಸ್ಥಿತಿಯಿಂದ ವಿಶ್ವ ಹೇಗೆ ಹಿಗ್ಗಿತು ಎಂಬುದನ್ನು. ಶೂನ್ಯದಿಂದ ಅದು ಹೇಗೆ ಬಂತು ಎಂಬುದನ್ನಲ್ಲ. ಸಾಮಗ್ರಿ ಎಲ್ಲಿಂದ ಬಂತು ಎಂಬ ಜಿನಸೇನರ ಪ್ರಶ್ನೆ ಇನ್ನೂ ನಿಂತೇ ಇದೆ.

ಆ ಪ್ರಶ್ನೆಯ ಒಂದು ಎಳೆಯನ್ನು ಹಿಡಿಯಲು ನಮ್ಮವರು ನೆಲದೊಳಕ್ಕೆ ಇಳಿದಿದ್ದೂ ಉಂಟು. ಕೋಲಾರದ ಚಿನ್ನದ ಗಣಿಯಲ್ಲಿ, 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನವರೊಡನೆ ಸೇರಿ 1980ರ ದಶಕದಲ್ಲಿ ಪ್ರೋಟಾನ್ ಎಂಬ ಕಣ ಎಂದಾದರೂ ಸಾಯುತ್ತದೆಯೇ ಎಂದು ಕಾದು ಕುಳಿತರು. ಈ ಕೆಲಸದ ಹಿರಿಯರಲ್ಲಿ ಬಿ.ವಿ. ಶ್ರೀಕಂಠನ್ ಒಬ್ಬರು, ಕನ್ನಡನಾಡಿನವರು. ದ್ರವ್ಯ ನಾಶವಾಗಬಲ್ಲದಾದರೆ, ಆದಿಯಲ್ಲಿ ದ್ರವ್ಯವೇ ಏಕೆ ಉಳಿಯಿತು, ಪ್ರತಿದ್ರವ್ಯ ಏಕೆ ಉಳಿಯಲಿಲ್ಲ ಎಂಬುದಕ್ಕೆ ಸುಳಿವು ಸಿಗುತ್ತಿತ್ತು. ಕೆಲವು ಘಟನೆಗಳು ಪ್ರೋಟಾನಿನ ಸಾವಿನಂತೆ ಕಂಡವು. ಆದರೆ ಜಪಾನ್ ಮತ್ತು ಅಮೆರಿಕದ ಇನ್ನೂ ದೊಡ್ಡ ಉಪಕರಣಗಳಿಗೆ ಅಂಥದು ಸಿಗಲಿಲ್ಲ. ಕೋಲಾರದ ಪ್ರಯೋಗ ಮುಗಿಯಿತು, 2001ರಲ್ಲಿ ಗಣಿಯೂ ಮುಚ್ಚಿತು.

ಈಗ ಶರಾವತಿಗೆ ಹೋಗೋಣ. ಮಹಾಸ್ಫೋಟದ ನಂತರ ಸುಮಾರು 3 ಲಕ್ಷ 80 ಸಾವಿರ ವರ್ಷಕ್ಕೆ ವಿಶ್ವ ತಣ್ಣಗಾಗಿ ಹೈಡ್ರೋಜನ್ ಪರಮಾಣುಗಳು ಕೂಡಿಕೊಂಡವು. ಆಮೇಲೆ ಬಹುಕಾಲ ಕತ್ತಲೆ. ನಕ್ಷತ್ರವೇ ಇಲ್ಲ. ಮೊದಲ ನಕ್ಷತ್ರ ಹೊತ್ತಿಕೊಂಡ ಕಾಲವನ್ನು ವಿಜ್ಞಾನಿಗಳು ವಿಶ್ವದ ಅರುಣೋದಯ ಎನ್ನುತ್ತಾರೆ. ಅದನ್ನು ಕಣ್ಣಿನಿಂದ ನೋಡಲಾಗದು, ಆದರೆ ರೇಡಿಯೋದಲ್ಲಿ ಕೇಳಬಹುದು. ಹೈಡ್ರೋಜನ್ ಪರಮಾಣುವಿಗೆ 21 ಸೆಂಟಿಮೀಟರ್ ಉದ್ದದ ಒಂದು ಸ್ವಂತ ಅಲೆ ಇದೆ. ವಿಶ್ವ ಹಿಗ್ಗುತ್ತ ಬಂದಂತೆ ಆ ಅಲೆಯೂ ಹಿಗ್ಗಿ ಈಗ ಹಲವು ಮೀಟರ್ ಉದ್ದವಾಗಿ ನಮ್ಮನ್ನು ತಲುಪುತ್ತದೆ. ಮೊದಲ ನಕ್ಷತ್ರಗಳ ಬೆಳಕು ಬಿದ್ದ ಹೈಡ್ರೋಜನ್ ಹಿನ್ನೆಲೆಯ ಶಾಖವನ್ನು ಸ್ವಲ್ಪ ಹೀರಿಕೊಳ್ಳಬೇಕು; ಆಕಾಶದ ರೇಡಿಯೋ ಸದ್ದಿನಲ್ಲಿ ಒಂದು ಸಣ್ಣ ತಗ್ಗು ಕಾಣಬೇಕು.

2018ರ ಮಾರ್ಚ್ ತಿಂಗಳಲ್ಲಿ ಅಂಥ ತಗ್ಗು ಸಿಕ್ಕಿತೆಂದು ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು. ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಇಟ್ಟಿದ್ದ 'ಎಡ್ಜಸ್' ಎಂಬ ಆಂಟೆನಾ 78 ಮೆಗಾಹರ್ಟ್ಸ್ ಬಳಿ ಅದನ್ನು ಕಂಡಿತ್ತು. ಕಾಲದಲ್ಲಿ ಅದು ಮಹಾಸ್ಫೋಟವಾದ ಸುಮಾರು 18 ಕೋಟಿ ವರ್ಷಗಳ ನಂತರದ್ದು. ಜಗತ್ತಿನಾದ್ಯಂತ ಸುದ್ದಿಯಾಯಿತು. ಆದರೆ ಆ ತಗ್ಗು ಅರ್ಧ ಡಿಗ್ರಿ ಕೆಲ್ವಿನ್‌ನಷ್ಟು ಆಳವಿತ್ತು, ಲೆಕ್ಕ ಹೇಳುವುದರ ಎರಡು ಪಟ್ಟಿಗೂ ಮಿಗಿಲು. ಅದು ನಿಜವಾದರೆ ಆಗಿನ ಹೈಡ್ರೋಜನ್ ನಾವು ತಿಳಿದದ್ದಕ್ಕಿಂತ ಬಹಳ ತಣ್ಣಗಿರಬೇಕು. ಅದನ್ನು ತಣಿಸಿದ್ದು ಯಾವುದು? ಕಣ್ಣಿಗೆ ಕಾಣದ ಕಪ್ಪುದ್ರವ್ಯವೇ? ವಿಶ್ವದಲ್ಲಿ ನಾವು ಮುಟ್ಟಿ ನೋಡಬಲ್ಲ ದ್ರವ್ಯ ನೂರಕ್ಕೆ ಐದು ಪಾಲು ಮಾತ್ರ. ಕಪ್ಪುದ್ರವ್ಯ ಅದರ ಐದು ಪಟ್ಟು ಇದೆ, ಆದರೆ ಅದು ಏನೆಂದು ಯಾರಿಗೂ ತಿಳಿಯದು. ಒಂದು ಆಂಟೆನಾದ ಒಂದು ತಗ್ಗಿನ ಮೇಲೆ ಹೊಸ ಭೌತವಿಜ್ಞಾನವೇ ಎದ್ದು ನಿಲ್ಲುವ ಹಾಗಾಯಿತು. ಲೇಖನಗಳ ಮೇಲೆ ಲೇಖನಗಳು ಬಂದವು.

ಸರ್ ಸಿ.ವಿ. ರಾಮನ್ 1948ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯವರು ಅದಾಗಲೇ ಇದೇ ಅಲೆಯನ್ನು ಹುಡುಕಲು 'ಸರಸ್' ಎಂಬ ಉಪಕರಣವನ್ನು ಕಟ್ಟುತ್ತಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ: ಇದು ಹಗ್ಗವೋ, ಹಾವೋ?

ತೊಡಕು ಎಲ್ಲಿದೆ ನೋಡಿ. ನಮ್ಮ ಆಕಾಶಗಂಗೆಯದೇ ರೇಡಿಯೋ ಸದ್ದು ಈ ಅಲೆಗಳಲ್ಲಿ ಸಾವಿರಾರು ಕೆಲ್ವಿನ್‌ನಷ್ಟಿರುತ್ತದೆ. ಅದರೊಳಗಿನಿಂದ ಅರ್ಧ ಕೆಲ್ವಿನ್ ಹೆಕ್ಕಿ ತೆಗೆಯಬೇಕು. ಜಾತ್ರೆಯ ಗದ್ದಲದಲ್ಲಿ ಒಬ್ಬನ ಪಿಸುಮಾತು ಹಿಡಿದ ಹಾಗೆ. ಎಫ್.ಎಂ. ಕೇಂದ್ರಗಳು 88 ಮೆಗಾಹರ್ಟ್ಸ್‌ನಿಂದಲೇ ಶುರುವಾಗುತ್ತವೆ, ಆದ್ದರಿಂದ ಊರುಗಳಿಂದ ದೂರ ಹೋಗಬೇಕು. ಅದಕ್ಕಿಂತ ದೊಡ್ಡ ಕಿರುಕುಳ ಆಂಟೆನಾದ ಕೆಳಗಿನ ನೆಲದ್ದು. ನೆಲವೂ ರೇಡಿಯೋ ಅಲೆ ಸೂಸುತ್ತದೆ, ಮೇಲಿಂದ ಬಂದದ್ದನ್ನು ಹಿಂತಿರುಗಿಸುತ್ತದೆ. ಎರೆಹೊಲದ ವಿದ್ಯಾರ್ಥಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವ ನೆಲ ಮಳೆಗಾಲದಲ್ಲಿ ಉಬ್ಬಿ ಅಂಟು ಮುದ್ದೆಯಾಗುತ್ತದೆ. ಮೇಲೆ ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಕಲ್ಲು, ನಡುವೆ ತೇವ. ಪ್ರತಿ ಪದರವೂ ಅಲೆಯನ್ನು ಒಂದೊಂದು ಬಗೆಯಲ್ಲಿ ತಿರುಗಿಸಿ ಕಳಿಸಿದರೆ ಅಳತೆಯಲ್ಲಿ ಇಲ್ಲದ ತಗ್ಗು ಮೂಡಬಹುದು.

ಬೆಂಗಳೂರಿನವರು ನೆಲವನ್ನೇ ಬಿಟ್ಟರು. ಆಂಟೆನಾವನ್ನು ತೆಪ್ಪದ ಮೇಲಿರಿಸಿ ನೀರಿನ ನಡುವೆ ತೇಲಿಬಿಟ್ಟರು. ಆಳವಾದ ನೀರು ಎಲ್ಲ ಕಡೆಗೂ ಒಂದೇ ತರ. ಅದರಲ್ಲಿ ಪದರವಿಲ್ಲ, ಕಲ್ಲಿಲ್ಲ. ಶಂಕುವಿನಾಕಾರದ ಆಂಟೆನಾಕ್ಕೆ ನೀರೇ ಆಧಾರ. 2020ರ ಮೊದಲ ತಿಂಗಳುಗಳಲ್ಲಿ ದಂಡಿಗಾನಹಳ್ಳಿಯ ಕೆರೆಯಲ್ಲಿಯೂ ಶಿವಮೊಗ್ಗ ಜಿಲ್ಲೆಯ ಶರಾವತಿ ಹಿನ್ನೀರಿನಲ್ಲಿಯೂ ಅಳತೆ ನಡೆಯಿತು. 55ರಿಂದ 85 ಮೆಗಾಹರ್ಟ್ಸ್‌ವರೆಗೆ ಆಕಾಶದ ಸದ್ದನ್ನು ದಾಖಲಿಸಿಕೊಂಡರು. ಜೋಗದ ವಿದ್ಯುತ್ತಿಗಾಗಿ ಕಟ್ಟಿ ನಿಲ್ಲಿಸಿದ ನೀರು ಇಂಥ ಕೆಲಸಕ್ಕೂ ಬಂತು. ಆಮೇಲೆ ಎರಡು ವರ್ಷ ದತ್ತಾಂಶದ ಪರಿಶೀಲನೆ. 2022ರ ಫೆಬ್ರವರಿ 28ರಂದು 'ನೇಚರ್ ಅಸ್ಟ್ರಾನಮಿ' ಪತ್ರಿಕೆಯಲ್ಲಿ ಸೌರಭ್ ಸಿಂಗ್, ರವಿ ಸುಬ್ರಹ್ಮಣ್ಯನ್, ಎನ್. ಉದಯಶಂಕರ್, ಬಿ.ಎಸ್. ಗಿರೀಶ್ ಮೊದಲಾದವರ ಲೇಖನ ಬಂತು. ಎಡ್ಜಸ್ ಹೇಳಿದ ತಗ್ಗು ತಮ್ಮ ಅಳತೆಯಲ್ಲಿ ಇಲ್ಲ ಎಂದರು. ಎಷ್ಟು ಖಚಿತವಾಗಿ? ಶೇಕಡ 95.3ರಷ್ಟು.

ಈ ಅಂಕಿಯ ಮೇಲೆ ಸ್ವಲ್ಪ ನಿಲ್ಲಿ. ನೂರಕ್ಕೆ ನೂರು ಎನ್ನಲಿಲ್ಲ. 'ಅವರು ಹೇಳಿದ್ದು ಸುಳ್ಳು' ಎಂದು ಗುಡುಗಲಿಲ್ಲ. ಇಪ್ಪತ್ತರಲ್ಲಿ ಒಂದರಷ್ಟು ಅನುಮಾನಕ್ಕೆ ಜಾಗವಿದೆ ಎಂಬುದನ್ನು ತಮ್ಮ ಲೇಖನದಲ್ಲಿ ತಾವೇ ಅಂಕಿಯಲ್ಲಿ ಬರೆದಿಟ್ಟರು. ನಮ್ಮ ಚರ್ಚಾಸ್ಪರ್ಧೆಯಲ್ಲಿ ಯಾರಾದರೂ 'ನನ್ನ ವಾದ ಶೇಕಡ 95ರಷ್ಟು ಸರಿ' ಎಂದರೆ ತೀರ್ಪುಗಾರರು ಅಂಕ ಕಡಿಮೆ ಕೊಟ್ಟಾರು! ನನ್ನ ಮಟ್ಟಿಗೆ ಪೂರ್ಣಾಂಕ ಕೊಡಬೇಕಾದದ್ದು ಅಂಥವರಿಗೇ. ಎದುರು ಪಕ್ಷ ಯಾವ ಅಳತೆಯಿಂದ ತಮ್ಮನ್ನು ಸೋಲಿಸಬಹುದು ಎಂಬುದನ್ನು ಅವರು ಮೊದಲೇ ತಿಳಿಸಿರುತ್ತಾರೆ. ಜಿನಸೇನರ ವಾದಕ್ಕೂ ಇದಕ್ಕೂ ಇರುವ ಅಂತರ ಬುದ್ಧಿಯದಲ್ಲ. ಜಿನಸೇನರ ಬುದ್ಧಿ ಕಡಿಮೆಯದೇನಲ್ಲ. ಅವರಿಗೆ ತೆಪ್ಪವೂ ಆಂಟೆನಾವೂ ಇರಲಿಲ್ಲ, ಅಷ್ಟೇ.

ಹಾಗಾದರೆ ಅರುಣೋದಯ ಆಗಲೇ ಇಲ್ಲವೇ? ಆಗಿಯೇ ಇದೆ, ನಕ್ಷತ್ರಗಳು ನಮ್ಮ ಕಣ್ಣೆದುರಿಗಿವೆ. ಸರಸ್ ತಳ್ಳಿಹಾಕಿದ್ದು ಅರ್ಧ ಕೆಲ್ವಿನ್ ಆಳದ, ಆ ಆಕಾರದ ತಗ್ಗನ್ನು ಮಾತ್ರ. ಅದಕ್ಕಿಂತ ಸಣ್ಣದಾದ ನಿಜವಾದ ತಗ್ಗು ಎಲ್ಲಿದೆ, ಎಷ್ಟು ಆಳವಿದೆ ಎಂಬುದನ್ನು ಇನ್ನೂ ಕಂಡುಹಿಡಿಯಬೇಕು. ಬೇರೆ ದೇಶಗಳ ತಂಡಗಳೂ ಹುಡುಕುತ್ತಿವೆ. ಭೂಮಿಯ ಮೇಲೆ ಎಫ್.ಎಂ. ಕೇಂದ್ರಗಳ ಗಲಾಟೆಯನ್ನೂ ವಾಯುಮಂಡಲದ ಮೇಲ್ಪದರದ ಕಿರುಕುಳವನ್ನೂ ಪೂರ್ತಿ ತಪ್ಪಿಸಿಕೊಳ್ಳಲಾಗದು. ಅದಕ್ಕಾಗಿ ರಾಮನ್ ಸಂಸ್ಥೆಯವರು 'ಪ್ರತ್ಯೂಷ' ಎಂಬ ಉಪಕರಣದ ಯೋಜನೆ ಹಾಕಿಕೊಂಡಿದ್ದಾರೆ. ಪ್ರತ್ಯೂಷವೆಂದರೆ ಬೆಳಗಿನ ಜಾವ. ಚಂದ್ರನ ಸುತ್ತ ತಿರುಗುತ್ತ, ಭೂಮಿಗೆ ಎಂದೂ ಮುಖ ತೋರದ ಚಂದ್ರನ ಆ ಬದಿಗೆ ಬಂದಾಗಲೆಲ್ಲ ಅದು ಕಿವಿಗೊಟ್ಟು ಕೇಳಬೇಕು. ನಮ್ಮ ಯಾವ ರೇಡಿಯೋ, ಯಾವ ಮೊಬೈಲ್ ಸದ್ದೂ ಅಲ್ಲಿಗೆ ತಲುಪದು. ಇಂದು ಪ್ರೌಢಶಾಲೆಯಲ್ಲಿರುವವರು ಎಂ.ಎಸ್‌ಸಿ. ಮುಗಿಸುವ ಹೊತ್ತಿಗೂ ಈ ಹುಡುಕಾಟದಲ್ಲಿ ಮಾಡಬೇಕಾದ ಕೆಲಸ ಬಾಕಿಯಿದ್ದೇ ಇರುತ್ತದೆ.